ಬಡನಡುವಿನ ನಾಯಿಕೆಯೂ ಮೈತುಂಬಿದ ನಾಯಿಕೆಯೂ

೧

ಕನ್ನಡದಲ್ಲಿ ‘ಬಡ’ ಎಂಬ ಎರಡಕ್ಷರದ ಮಾತೊಂದುಂಟು. ಹಣವಿಲ್ಲದವನು ಬಡವ, ಜ್ವರದಿಂದೆದ್ದವನು ‘ಬಡವಾದನು’, ಮೇವು ಸಾಲದ ದನ ‘ಬಡಕಲು’. ಸಂಪತ್ತಿನ ಕೊರತೆಯನ್ನೂ ಮಾಂಸದ ಕೊರತೆಯನ್ನೂ ಒಂದೇ ಮಾತಿನಿಂದ ಹೇಳುವ ಈ ಭಾಷೆಯು ಹಸಿವಿನ ಪರಿಚಯವುಳ್ಳ ಜನರ ಭಾಷೆಯೆಂಬುದರಲ್ಲಿ ಸಂದೇಹವಿಲ್ಲ. ನಾಗರ ಪಂಚಮಿಗೆಂದು ತವರಿಗೆ ಬಂದ ಮಗಳನ್ನು ಗೊಳಸಂಗಿಯ ಕಡೆಯ ತಾಯಿಯು ಹೊಸ್ತಿಲಲ್ಲಿಯೇ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ನೋಡಿ, “ಎಷ್ಟ ಬಡವಾಗಿ ಬಂದೀಯವ್ವಾ!” ಎಂದು ಕಣ್ಣೊರಸಿಕೊಳ್ಳುವಳು. ಆ ಮಾತಿನಲ್ಲಿ ಅತ್ತೆಮನೆಯ ಮೇಲಿನ ದೂರೆಲ್ಲ ಅಡಗಿರುವುದು. ಮಗಳ ಮೈ ತುಂಬಿಕೊಂಡಿದ್ದರೆ ಮಾತ್ರ ಆಕೆಗೆ ಸಮಾಧಾನ. ‘ಉಂಡದ್ದು ಮೈಗೆ ಹತ್ತಿದೆ’ ಎಂದು ದೃಷ್ಟಿ ತೆಗೆಯುವಳು.

ಆದರೆ ಅದೇ ಭಾಷೆಯ ಕವಿಗಳು ತಮ್ಮ ನಾಯಿಕೆಯನ್ನು ವರ್ಣಿಸುವಾಗ ಆಕೆಗೆ ‘ಬಡನಡು’ವನ್ನು ಕೊಟ್ಟರು. ತಾಯಿಯ ಬಾಯಲ್ಲಿ ಶೋಕವಾಗಿದ್ದ ಮಾತು ಕವಿಯ ಬಾಯಲ್ಲಿ ಶೃಂಗಾರವಾಯಿತು. ಮನೆಯ ಅಳತೆಗೋಲು ಒಂದು, ಕಾವ್ಯದ ಅಳತೆಗೋಲು ಇನ್ನೊಂದು. ಈ ಎರಡು ಅಳತೆಗೋಲುಗಳ ನಡುವೆ ಮೈತುಂಬಿದ ಹೆಣ್ಣಿನ ಸ್ಥಾನವು ಶತಮಾನಗಳ ಕಾಲದಲ್ಲಿ ಹೇಗೆ ಹೇಗೆ ಬದಲಾಯಿತು, ಪ್ರೇಮಕಥೆಗೆ ನಾಯಿಕೆಯಾಗುವ ಅಧಿಕಾರವು ಆಕೆಗೆ ಎಂದು ದೊರೆಯಿತು, ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

೨

ಕಾವ್ಯಕ್ಕಿಂತ ಮೊದಲು ಶಿಲೆಯನ್ನು ನೋಡತಕ್ಕದ್ದು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರೆಯಾಗುವವರೆಗೆ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದ ಬಾದಾಮಿಯಲ್ಲಿ, ಮಂಗಳೇಶನ ಶಾಸನದಿಂದ ೫೭೮ನೆಯ ಇಸವಿಯದೆಂದು ನಿಶ್ಚಿತವಾದ ಮೂರನೆಯ ಗುಹೆಯುಂಟು. ಅದರ ಕಂಬಗಳ ಮೇಲ್ಭಾಗದ ಆಧಾರಕಲ್ಲುಗಳಲ್ಲಿ ಮರದಡಿ ನಿಂತ ಮಿಥುನಗಳಿವೆ. ಅಲ್ಲಿನ ಸ್ತ್ರೀಯರ ತೊಡೆ ತುಂಬಿದವು, ನಿತಂಬ ವಿಶಾಲವಾದದ್ದು, ಭುಜ ದುಂಡಗಿನದು. ನಡುವೊಂದು ಮಾತ್ರ ಸಣ್ಣದು. ಇಂದಿನ ಚಿತ್ರಪಟಗಳ ಕೃಶಾಂಗಿಯರ ಪಕ್ಕದಲ್ಲಿ ನಿಲ್ಲಿಸಿದರೆ ಇವರನ್ನು ‘ದಪ್ಪ’ ಎಂದೇ ಜನ ಕರೆದಾರು. ಮಹಾಕೂಟದ ಸಮೀಪದ ನಾಗನಾಥಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯಲ್ಲಂತೂ ಮೈಯ ತುಂಬುವಿಕೆಯೇ ದೈವತ್ವ. ಕಮಲವೇ ಮುಖವಾಗಿರುವ ಆ ದೇವಿಯ ದೇಹವು ಬೆಳೆ ತುಂಬಿದ ಹೊಲದಂತೆ ಸಮೃದ್ಧವಾಗಿದೆ.

ಆದರೆ ಅದೇ ಗುಹೆಗಳಲ್ಲಿ ಕಣ್ಣನ್ನು ಕೆಳಗಿಳಿಸಿದರೆ ಬೇರೊಂದು ಸಾಲು ಕಾಣುವುದು. ಅಧಿಷ್ಠಾನದ ಪಟ್ಟಿಕೆಯಲ್ಲಿ ಡೊಳ್ಳುಹೊಟ್ಟೆಯ ಕುಬ್ಜಗಣಗಳು ಕುಣಿಯುತ್ತ, ವಾದ್ಯ ಬಾರಿಸುತ್ತ, ಹಲ್ಲು ಕಿಸಿಯುತ್ತ ನಿಂತಿವೆ. ಮೇಲೆ ಪ್ರೇಮಿಗಳು, ಕೆಳಗೆ ನಗೆಗಾರರು. ಸ್ಥೂಲದೇಹಕ್ಕೆ ಶಿಲ್ಪಿಯು ಸ್ಥಾನವನ್ನು ನಿರಾಕರಿಸಲಿಲ್ಲ; ಸಂತೋಷಕ್ಕೂ ಅಲ್ಲಿ ಕೊರತೆಯಿಲ್ಲ. ಆದರೆ ಆ ಸ್ಥಾನವು ಪ್ರೇಮದ್ದಲ್ಲ, ಹಾಸ್ಯದ್ದು. ಮುಂದೆ ರಂಗಭೂಮಿಯೂ ಚಲಚ್ಚಿತ್ರವೂ ಇದೇ ವಿಭಾಗವನ್ನು ಅನುಸರಿಸಿದವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

೩

ಕನ್ನಡದಲ್ಲಿ ಪ್ರೇಮಕಥೆಯು ಹೊಸದಾಗಿ ಹೊರಗಿನಿಂದ ಬಂದ ವಸ್ತುವಲ್ಲ. ಬಾಣನ ಕಾದಂಬರಿಯನ್ನು ನಾಗವರ್ಮನು ಕನ್ನಡಿಸಿದನು. ಆ ನಾಯಿಕೆಯ ಹೆಸರೇ ಮುಂದೆ ಈ ವಾಙ್ಮಯಪ್ರಕಾರಕ್ಕೆ ಹೆಸರಾಯಿತು. ೧೨ನೆಯ ಶತಮಾನದ ಉತ್ತರಾರ್ಧದಲ್ಲಿ ನೇಮಿಚಂದ್ರನು ‘ಲೀಲಾವತೀ ಪ್ರಬಂಧ’ವನ್ನು ಬರೆದನು, ಕನಸಿನಲ್ಲಿ ಕಂಡವಳನ್ನು ಹುಡುಕುತ್ತ ಹೊರಟ ರಾಜಕುಮಾರನ ಕಥೆಯದು. ವಿಜಾಪುರದ ಆಸ್ಥಾನದಲ್ಲಿ ನುಸ್ರತಿಯು ಸುಮಾರು ೧೬೫೭ರಲ್ಲಿ ದಖನಿ ಭಾಷೆಯಲ್ಲಿ ‘ಗುಲ್ಶನ್-ಎ-ಇಷ್ಕ್’ ಎಂಬ ಪ್ರೇಮಕಾವ್ಯವನ್ನು ರಚಿಸಿ ಮನೋಹರ ಮಧುಮಾಲತಿಯರ ಕಥೆಯನ್ನು ಹಾಡಿದನು. ಭಾಷೆ, ಮತ, ಆಸ್ಥಾನಗಳು ಬೇರೆಯಾದರೂ ಪ್ರೇಮಕಥೆಯ ನಾಯಿಕೆಗೆ ಅನುಪಮವಾದ ಚೆಲುವು ಹುಟ್ಟಿನಿಂದಲೇ ಬಂದಿರಬೇಕೆಂಬ ನಿಯಮವು ಬೇರೆಯಾಗಲಿಲ್ಲ.

ಈ ನಿಯಮಕ್ಕೆ ಶಾಸ್ತ್ರದ ಬೆಂಬಲವೂ ಇದ್ದಿತು. ಕೊಕ್ಕೋಕನ ‘ರತಿರಹಸ್ಯ’ವು ಸ್ತ್ರೀಯರನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಜಾತಿಗಳಾಗಿ ವಿಂಗಡಿಸಿತು, ೧೫ನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ದಲ್ಲಿ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು. ಈ ಸಾಲಿನಲ್ಲಿ ಪದ್ಮಿನಿಯು ಮೊದಲಿನವಳು. ಸ್ಥೂಲದೇಹದ ಹಸ್ತಿನಿಯು ಕೊನೆಯವಳು. ಇದರೊಳಗಿನ ವಿರೋಧವು ಗಮನಿಸತಕ್ಕದ್ದು. ನಾಯಿಕೆಯ ನಡಿಗೆಯು ಆನೆಯ ನಡಿಗೆಯಂತಿರಬೇಕು, ಆಕೆ ‘ಗಜಗಮನೆ’ಯಾಗಬೇಕು. ಆದರೆ ಆನೆಯ ಮೈಯನ್ನು ನೆನಪಿಗೆ ತರುವವಳು ಕೊನೆಯ ಪಂಕ್ತಿಗೆ ಹೋಗಬೇಕು. ಆನೆಯ ಗಾಂಭೀರ್ಯವು ಬೇಕು, ಅದರ ಗಾತ್ರವು ಬೇಡ!

ದೇಹದ ಅಂದಕ್ಕೂ ಅನುರಾಗಕ್ಕೂ ನಿತ್ಯಸಂಬಂಧವಿಲ್ಲವೆಂಬುದನ್ನು ಹಳೆಯ ಕವಿಗಳು ಅರಿಯದವರೇನೂ ಅಲ್ಲ. ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯು ಕುರೂಪಿಯಾದ ಮಾವುತ ಅಷ್ಟಾವಂಕನ ಗಾನಕ್ಕೆ ಮನಸೋಲುವಳು. ಕಿವಿಯಿಂದ ಹುಟ್ಟಿದ ಆ ಪ್ರೀತಿಯನ್ನು ಕಣ್ಣು ಅಳಿಸಲಾರದೆ ಹೋಯಿತು. ಆದರೆ ಕವಿಯು ಅದನ್ನು ಪ್ರೇಮವೆಂದು ಮನ್ನಿಸದೆ ಪಾಪದ ಬೀಜವೆಂದೇ ಚಿತ್ರಿಸಿದನು. ಮೇಲಾಗಿ, ಅಲ್ಲಿ ಚೆಲುವಿಲ್ಲದೆಯೂ ಪ್ರೀತಿಸಲ್ಪಟ್ಟವನು ಪುರುಷನೇ. ಚೆಲುವಿಲ್ಲದ ಹೆಣ್ಣನ್ನು ರಾಜನೊಬ್ಬನು ಹಾಡು ಕೇಳಿ ಒಲಿದ ಕಥೆಯು ಚಂಪೂಕಾವ್ಯಗಳ ಮುಖ್ಯ ಕಥೆಯಾಗಿ ನಿಲ್ಲಲಿಲ್ಲ.

೪

ಕಾವ್ಯದ ಅಳತೆಗೋಲು ಹೀಗಿರಲು, ಊರಿನ ಅಳತೆಗೋಲು ತನ್ನ ದಾರಿಯಲ್ಲಿಯೇ ನಡೆದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಎರೆನೆಲವು ಮಳೆಯಾದ ವರ್ಷ ಹಗೇವು ತುಂಬ ಬಿಳಿಜೋಳವನ್ನು ಕೊಡುವುದು. ಮಳೆ ಕೈಕೊಟ್ಟ ವರ್ಷ ಏನನ್ನೂ ಕೊಡದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಆಗಿನ ಕಲಾದಗಿ ಜಿಲ್ಲೆಯನ್ನು ಎಷ್ಟು ನಾಶಮಾಡಿತೆಂದರೆ, ೧೮೭೨ರ ಜನಗಣತಿಗಿಂತ ೧೮೮೧ರ ಜನಗಣತಿಯಲ್ಲಿ ಜನಸಂಖ್ಯೆಯು ಬಹಳವಾಗಿ ಇಳಿದಿತ್ತು. ಇಂಥ ನಾಡಿನಲ್ಲಿ ಎಲುಬು ಕಾಣುವ ಮೈಯು ಸೌಂದರ್ಯದ ಗುರುತಾಗುವುದು ಸಾಧ್ಯವಿರಲಿಲ್ಲ. ಮೈತುಂಬಿದ ಸೊಸೆಯೆಂದರೆ ಕಾಳು ತುಂಬಿದ ಮನೆ.

ಉಡುಗೆಯೂ ಈ ಭಾವನೆಗೆ ಅನುಕೂಲವಾಗಿಯೇ ಇದ್ದಿತು. ಇಳಕಲ್ಲಿನ ಸೀರೆಯು ಉಡುವವಳ ಗಾತ್ರವನ್ನು ಕೇಳುವುದಿಲ್ಲ. ನೆರಿಗೆಯನ್ನು ಎರಡು ಹೆಚ್ಚು ಹಿಡಿದರೆ ಕೃಶಳಿಗೂ ಸರಿ, ಎರಡು ಕಡಿಮೆ ಹಿಡಿದರೆ ಸ್ಥೂಲಳಿಗೂ ಸರಿ; ತಾಯಿಯ ಸೀರೆ ಮಗಳಿಗೆ, ಮಗಳ ಸೀರೆ ಸೊಸೆಗೆ. ಗುಳೇದಗುಡ್ಡದ ಖಣವನ್ನು ಆಯಾ ಮೈಗೆ ತಕ್ಕಂತೆ ಕತ್ತರಿಸಿ ಕುಪ್ಪಸ ಹೊಲಿಯುತ್ತಿದ್ದರು. ಬಟ್ಟೆಯು ಮೈಗೆ ಹೊಂದಬೇಕೇ ಹೊರತು ಮೈಯು ಬಟ್ಟೆಗೆ ಹೊಂದಬೇಕಾಗಿರಲಿಲ್ಲ. ಸಿದ್ಧ ಉಡುಪಿನ ಅಂಗಡಿಗಳು ಬಂದು, ಉಡುಪಿನ ಕುತ್ತಿಗೆಗೆ ಗಾತ್ರದ ಚೀಟಿಯನ್ನು ಹೊಲಿದಂದಿನಿಂದ ಈ ಸಂಬಂಧವು ತಿರುಗುಮುರುಗಾಯಿತು. ತನ್ನ ಮೈಯ ಹೆಸರು ಒಂದು ಅಂಕಿಯೆಂಬುದನ್ನು ಹೆಣ್ಣುಮಗಳು ಮೊದಲ ಬಾರಿಗೆ ಅಂಗಡಿಯಲ್ಲಿ ಕಲಿತಳು.

ರೈಲು ನಿಲ್ದಾಣಗಳ ತೂಕದ ಯಂತ್ರಗಳೂ ಇದೇ ಪಾಠವನ್ನು ಹೇಳಿದವು. ನಾಣ್ಯವನ್ನು ಹಾಕಿದೊಡನೆ ಬಣ್ಣದ ದೀಪಗಳು ಹೊಳೆದು ಒಂದು ಸಣ್ಣ ರಟ್ಟಿನ ಚೀಟಿ ಹೊರಬೀಳುತ್ತಿತ್ತು. ಒಂದು ಮಗ್ಗುಲಿಗೆ ತೂಕ, ಇನ್ನೊಂದು ಮಗ್ಗುಲಿಗೆ ಭವಿಷ್ಯ. ತೂಕವೂ ಭವಿಷ್ಯವೂ ಒಂದೇ ಚೀಟಿಯ ಎರಡು ಮುಖಗಳೆಂಬುದು ಯಂತ್ರಕ್ಕೆ ವಿನೋದವಾಗಿತ್ತು. ಕನ್ಯೆ ನೋಡಲು ಬರುವವರ ಮುಂದೆ ತಟ್ಟೆ ಹಿಡಿದು ನಿಂತ ಹುಡುಗಿಗೆ ಅದು ವಿನೋದವಾಗಿರಲಿಲ್ಲ.

ಈ ನಾಡಿನ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡಿಕೊಂಡ ತ್ರಿಪದಿಗಳನ್ನು ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ೧೯೩೦ರ ದಶಕದಲ್ಲಿ ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಕಲನಗಳಲ್ಲಿ ಅಚ್ಚು ಹಾಕಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಈ ಉಪಕಾರದಿಂದ, ಕಾವ್ಯದಲ್ಲಿ ವರ್ಣಿತಳಾದ ಹೆಣ್ಣಿನ ಜೊತೆಗೆ ತಾನೇ ಹಾಡಿಕೊಂಡ ಹೆಣ್ಣೂ ಸುಶಿಕ್ಷಿತರ ಕಣ್ಣಿಗೆ ಬಿದ್ದಳು. ತವರಿನ ಹಂಬಲ, ಅಣ್ಣತಮ್ಮಂದಿರ ಮೇಲಿನ ಅಕ್ಕರೆ, ಕೂಸಿನ ಸೊಗಸು, ಗಂಡನೊಡನೆಯ ಮುನಿಸು ಒಲವುಗಳು ಅಲ್ಲಿಯ ಪ್ರಾಣ. ಹೆಣ್ಣು ತನ್ನ ಮೈಯನ್ನು ತಾನೇ ಒಳಗಿನಿಂದ ಅರಿಯುವ ಬಗೆಯೇ ಬೇರೆ, ಇನ್ನೊಬ್ಬನು ಹೊರಗಿನಿಂದ ಅಳೆಯುವ ಬಗೆಯೇ ಬೇರೆ ಎಂಬುದು ಈ ಹಾಡುಗಳಿಂದ ತಿಳಿಯುವುದು.

೫

ಮೈತುಂಬಿದ ನಾಯಿಕೆಯನ್ನು ಜನರು ಮನಃಪೂರ್ವಕವಾಗಿ ಪ್ರೀತಿಸಿದ ಒಂದು ಸ್ಥಳವಿದ್ದಿತು. ಅದು ಸಂಗೀತ ನಾಟಕದ ರಂಗಭೂಮಿ. ಆಶ್ಚರ್ಯವೆಂದರೆ ಆ ನಾಯಿಕೆಯು ಪುರುಷನಾಗಿದ್ದನು. ಮರಾಠಿ ರಂಗಭೂಮಿಯ ಬಾಲಗಂಧರ್ವರು (೧೮೮೮–೧೯೬೭) ೧೯೧೬ರ ‘ಸ್ವಯಂವರ’ದ ರುಕ್ಮಿಣಿಯಾಗಿ ನಿಂತರೆ ಪ್ರೇಕ್ಷಕರು ಮೈಮರೆಯುತ್ತಿದ್ದರು, ಅವರು ಉಟ್ಟ ಸೀರೆಯ ರೀತಿಯನ್ನು ಮನೆಮನೆಯ ಹೆಂಗಸರು ಅನುಕರಿಸುತ್ತಿದ್ದರು. ಯೌವನ ಕಳೆದು, ಮೈ ದಪ್ಪವಾದ ಮೇಲೆಯೂ ಅವರು ನಾಯಿಕೆಯ ಪಾತ್ರವನ್ನು ಬಿಡಲಿಲ್ಲ; ಕಂಠವಿದ್ದಷ್ಟು ದಿನ ರಸಿಕರೂ ಅವರನ್ನು ಬಿಡಲಿಲ್ಲ. ಅವರ ಮಂಡಳಿಯನ್ನು ಸೇರಿ ನಾಯಿಕೆಯಾಗಿ ಹಾಡಿದ ಗೋಹರಬಾಯಿ ಕರ್ನಾಟಕಿ, ಹಿಂದಿ ಚಲಚ್ಚಿತ್ರಗಳಲ್ಲಿ ಹಾಡಿ ಹೆಸರಾದ ಅಮೀರಬಾಯಿ ಕರ್ನಾಟಕಿ, ಇಬ್ಬರೂ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಕ್ಕತಂಗಿಯರು. ರಂಗದ ಮೇಲೆ ಕಂಠವು ಮೊದಲು, ಮೈಯು ಅನಂತರ ಎಂಬ ಕಾಲವದು.

ಛಾಯಾಗ್ರಾಹಕ ಯಂತ್ರವು ಮುಖದ ಸಮೀಪಕ್ಕೆ ಬಂದಾಗ ಈ ಔದಾರ್ಯವು ಮುಗಿಯಿತು. ಉಮಾದೇವಿ ಎಂಬ ಗಾಯಕಿಯ ಉದಾಹರಣೆಯು ಹೃದಯವನ್ನು ತಟ್ಟುವಂಥದು. ೧೯೪೭ರ ‘ದರ್ದ್’ ಚಿತ್ರದಲ್ಲಿ ನಾಯಿಕೆಯ ವಿರಹಗೀತೆಗೆ ಆಕೆಯ ಕಂಠವೇ ಬೇಕಾಗಿದ್ದಿತು. ದೇಶವೆಲ್ಲ ಆ ಹಾಡನ್ನು ಹಾಡಿತು. ಅದೇ ಉಮಾದೇವಿಯು ೧೯೫೦ರ ‘ಬಾಬುಲ್’ ಚಿತ್ರದಲ್ಲಿ ತೆರೆಯ ಮೇಲೆ ಬಂದಾಗ ಆಕೆಗೆ ದೊರೆತದ್ದು ‘ಟುನ್‌ಟುನ್’ ಎಂಬ ಹೆಸರು ಮತ್ತು ನಗಿಸುವ ಕೆಲಸ. ವಿರಹವು ಆಕೆಯ ಕಂಠಕ್ಕೆ ಒಪ್ಪಿತು, ಮೈಗೆ ಒಪ್ಪಲಿಲ್ಲ! ಬಾದಾಮಿಯ ಶಿಲ್ಪಿಯು ಹಾಕಿದ ಗೆರೆಯೇ ಇಲ್ಲಿಯೂ ಕಾಣುವುದು.

ಕನ್ನಡ ಚಿತ್ರರಂಗವೂ ಬೇರೆಯಾಗಿರಲಿಲ್ಲ. ೧೯೫೮ರ ‘ಮನೆ ತುಂಬಿದ ಹೆಣ್ಣು’ ಎಂಬ ಕನ್ನಡ ಚಿತ್ರದ ಕಥೆಯು ತೆಲುಗಿಗೆ ಹೋಗಿ ೧೯೬೨ರಲ್ಲಿ ‘ಗುಂಡಮ್ಮ ಕಥ’ಯಾಯಿತು. ಅಲ್ಲಿ ಸೂರ್ಯಕಾಂತಮ್ಮನವರು ಅಭಿನಯಿಸಿದ ಗುಂಡಮ್ಮನು ಗಯ್ಯಾಳಿಯಾದ ಮಲತಾಯಿ. ಪ್ರೇಮವೆಲ್ಲ ಎಳೆಯರದು. ಗುಂಡಮ್ಮನೆಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೊಮ್ಮೆ ಬರುವುದು.

೬

ಇನ್ನು ಕಾದಂಬರಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರಲ್ಲಿ ಹೊರಬಂದಿತು. ಎಳೆಯ ವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಕಥೆಯದು. ನಂಜನಗೂಡು ತಿರುಮಲಾಂಬಾ ಅವರು ೧೯೧೩ರಲ್ಲಿ ‘ಸುಶೀಲೆ’ಯನ್ನು ಬರೆದು, ತಾವೇ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿದರು. ನಾಯಿಕೆಯ ಚೆಲುವಿಗಿಂತ ಆಕೆಯ ಶೀಲವೂ ವಿದ್ಯೆಯೂ ಕಥೆಯ ಕೇಂದ್ರವಾದದ್ದು ಈ ಕಾಲದಲ್ಲಿಯೇ. ಹಾಗೆಂದು ಮೈಯ ಪ್ರಶ್ನೆಯು ಮರೆಯಾಗಲಿಲ್ಲ. ವಿಧವೆಯ ಕೇಶಮುಂಡನ, ಒಪ್ಪೊತ್ತಿನ ಊಟ, ಮಡಿಯ ಕಾಠಿಣ್ಯ, ಇವೆಲ್ಲ ಹೆಣ್ಣಿನ ಮೈಯನ್ನು ಬಡವು ಮಾಡುವ ಉಪಾಯಗಳೇ ಆಗಿದ್ದವು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇದನ್ನು ಶಾಂತವಾದ ಧ್ವನಿಯಲ್ಲಿ ಹೇಳಿತು. ಬಾಲವಿಧವೆಯ ದೀರ್ಘಾಯುಷ್ಯದಲ್ಲಿ ಊಟವು ಕಡಿಮೆಯಾಗುತ್ತ ಹೋದಂತೆ ಊರಿನ ಕಣ್ಣಲ್ಲಿ ಆಕೆಯ ಪೂಜ್ಯತೆಯು ಹೆಚ್ಚುತ್ತ ಹೋಗುವುದು. ಹಸಿದ ಹೆಣ್ಣೇ ಒಳ್ಳೆಯ ಹೆಣ್ಣು ಎಂಬ ಭಾವನೆಯು ಎಷ್ಟು ಹಳೆಯದೆಂಬುದು ಇದರಿಂದ ವ್ಯಕ್ತವಾಗುವುದು.

ತ್ರಿವೇಣಿಯವರಿಂದ (೧೯೨೮–೧೯೬೩) ಹೊಸ ಪರ್ವವು ತೊಡಗಿತು. ಮನಶ್ಶಾಸ್ತ್ರವನ್ನು ಓದಿದ ಆ ಲೇಖಕಿಯು ನಾಯಿಕೆಯ ಒಳಗನ್ನು ತೆರೆದು ತೋರಿಸಿದರು. ‘ಬೆಳ್ಳಿ ಮೋಡ’ದ ಇಂದಿರೆಯನ್ನು ವರನು ಒಲ್ಲೆನೆಂದದ್ದು ಆಕೆಗೆ ಆಸ್ತಿ ತಪ್ಪಿತೆಂದು; ಮುಂದೆ ಅವನೇ ಬೇಡಿ ನಿಂತಾಗ ಒಲ್ಲೆನೆಂದವಳು ಆಕೆ. ೧೯೬೭ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದರು. ಆರಿಸಲ್ಪಡುವವಳು ತಾನೂ ಆರಿಸಬಲ್ಲಳು ಎಂಬ ಈ ಮಾತು ಸಣ್ಣದಲ್ಲ. ಅನಂತರದ ದಶಕಗಳಲ್ಲಿ ವಾಣಿ, ಅನುಪಮಾ ನಿರಂಜನ, ಸಾಯಿಸುತೆ, ಉಷಾ ನವರತ್ನರಾಂ ಮೊದಲಾದವರ ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು, ಬಾಡಿಗೆ ಪುಸ್ತಕಾಲಯಗಳ ಮೂಲಕ ಊರೂರ ಮನೆಗಳನ್ನು ಹೊಕ್ಕವು. ಮಧ್ಯಾಹ್ನದ ಕೆಲಸ ಮುಗಿಸಿ ಪಡಸಾಲೆಯ ಕಂಬಕ್ಕೊರಗಿ ಓದುತ್ತಿದ್ದ ಹೆಣ್ಣುಮಕ್ಕಳಲ್ಲಿ ಎಲ್ಲ ಗಾತ್ರದವರೂ ಇದ್ದರು. ಆದರೆ ಪುಸ್ತಕದ ಮುಖಪುಟದಲ್ಲಿ ಜಡೆ ಮುಂದಕ್ಕೆ ಹಾಕಿಕೊಂಡು ನಿಂತವಳು ಸಾಮಾನ್ಯವಾಗಿ ಬಳುಕುವ ಬಳ್ಳಿಯೇ. ಓದುವ ಮೈಗೂ ಓದಿಸಿಕೊಳ್ಳುವ ಮೈಗೂ ಇದ್ದ ಈ ಅಂತರವನ್ನು ಓದುಗಳು ಮಾತಿಲ್ಲದೆ ನುಂಗಿಕೊಂಡಳು.

೭

ಪಶ್ಚಿಮದಲ್ಲಿಯೂ ಇದೇ ಬಗೆಯ ನುಂಗುವಿಕೆಯು ಬಹುಕಾಲ ನಡೆಯಿತು. ಷಾರ್ಲೆಟ್ ಬ್ರಾಂಟೆಯು ೧೮೪೭ರಲ್ಲಿಯೇ ‘ಜೇನ್ ಐರ್’ ಬರೆದು, ಸುಂದರಿಯಲ್ಲದವಳೂ ನಾಯಿಕೆಯಾಗಬಲ್ಲಳೆಂದು ತೋರಿಸಿದ್ದಳು. ಆದರೂ ಜೇನಳು ಪುಟ್ಟ ಕೃಶದೇಹದವಳು. ೧೯೦೮ರಲ್ಲಿ ಸ್ಥಾಪಿತವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ಪ್ರೇಮಕಾದಂಬರಿಗಳು ಭಾರತದ ನಗರಗಳಲ್ಲಿಯೂ ಕಾಲೇಜು ಹುಡುಗಿಯರ ಕೈಗೆ ಬಂದವು. ೧೯೯೬ರಲ್ಲಿ ಹೆಲೆನ್ ಫೀಲ್ಡಿಂಗಳ ‘ಬ್ರಿಜೆಟ್ ಜೋನ್ಸ್’ ದಿನಚರಿಯು ನಾಯಿಕೆಯ ತೂಕದಿಂದಲೇ ಆರಂಭವಾಯಿತು. ಆ ತೂಕವಾದರೂ ಸುಮಾರು ೫೯ ಕಿಲೋಗ್ರಾಮು ಮಾತ್ರ. ಅಷ್ಟಕ್ಕೇ ಆಕೆ ತನ್ನನ್ನು ಹಳಿದುಕೊಳ್ಳುವಳು. ನಗು ಹುಟ್ಟುವುದೂ ಅಲ್ಲಿಯೇ, ನೋವು ಇರುವುದೂ ಅಲ್ಲಿಯೇ.

೨೦೦೧ರಲ್ಲಿ ಜೆನಿಫರ್ ವೈನರಳ ‘ಗುಡ್ ಇನ್ ಬೆಡ್’ ಬಂದಿತು. ನಾಯಿಕೆ ಕ್ಯಾನಿಯು ನಿಜವಾಗಿಯೂ ದೊಡ್ಡ ಮೈಯವಳು. ಅಗಲಿದ ಪ್ರಿಯನು ‘ದೊಡ್ಡ ಮೈಯವಳನ್ನು ಪ್ರೀತಿಸುವುದರ’ ಬಗೆಗೆ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಆಕೆ ಓದುವಲ್ಲಿಂದ ಕಥೆಯು ಹೊರಡುವುದು. ಪ್ರೀತಿಸಿದ್ದನ್ನೇ ಒಂದು ಪರಾಕ್ರಮವೆಂಬಂತೆ ಹೇಳಿಕೊಳ್ಳುವ ಪುರುಷನ ಚಿತ್ರವು ಇಲ್ಲಿ ತೀಕ್ಷ್ಣವಾಗಿದೆ. ೨೦೦೪ರ ಜೆನಿಫರ್ ಕ್ರೂಸಿಯ ‘ಬೆಟ್ ಮಿ’ಯಲ್ಲಿ ಮಿನ್ ಎಂಬವಳ ತಾಯಿಯು ಮಗಳ ತಟ್ಟೆಯಿಂದ ತಿನಿಸನ್ನು ಕಸಿಯುವಳು, ಪ್ರಿಯನು ಉಣ್ಣಿಸುವನು. ೨೦೧೫ರ ಜೂಲಿ ಮರ್ಫಿಯ ‘ಡಂಪ್ಲಿನ್’ ಕಾದಂಬರಿಯ ಹುಡುಗಿಯು ಟೆಕ್ಸಾಸಿನ ಊರೊಂದರ ಸೌಂದರ್ಯಸ್ಪರ್ಧೆಗೇ ಹೆಸರು ಬರೆಸುವಳು. ೨೦೧೯ರಲ್ಲಿ ಟಾಲಿಯಾ ಹಿಬರ್ಟಳ ಕ್ಲೋಯಿ ಬ್ರೌನ್, ೨೦೨೦ರಲ್ಲಿ ಒಲಿವಿಯಾ ಡೇಡಳ ಏಪ್ರಿಲ್, ಇವರಂತೂ ತೆಳ್ಳಗಾಗುವ ಪ್ರತಿಜ್ಞೆಯನ್ನೇ ಕಥೆಯ ಗುರಿಯಾಗಿ ಹೊತ್ತುಕೊಳ್ಳದ ನಾಯಿಕೆಯರು.

ಈ ಎರಡು ದಶಕಗಳ ಬದಲಾವಣೆಯಲ್ಲಿ ಒಂದು ಕ್ರಮವಿದೆ. ಮೊದಲು ನಾಯಿಕೆಯು ತನ್ನ ಮೈಗಾಗಿ ನಾಚಿದಳು. ಬಳಿಕ ತನ್ನ ಮೈಯನ್ನು ಸಮರ್ಥಿಸಿದಳು. ಕೊನೆಗೆ ಮೈಯ ವಿಷಯವನ್ನು ಬಿಟ್ಟು ತನ್ನ ಕಥೆಯನ್ನು ಹೇಳತೊಡಗಿದಳು. ಮೂರನೆಯ ಮೆಟ್ಟಿಲು ಏರಿದಾಗಲೇ ಆಕೆ ನಿಜವಾಗಿ ನಾಯಿಕೆಯಾದಳು.

೮

ಕನ್ನಡದಲ್ಲಿ ಈ ಮೆಟ್ಟಿಲುಗಳನ್ನು ಏರುವ ಕೆಲಸವನ್ನು ಕೈಕೊಂಡದ್ದು ದೂರದರ್ಶಕದ ಧಾರಾವಾಹಿ. ೨೦೧೭ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಬ್ರಹ್ಮಗಂಟು’ ಆರಂಭವಾಯಿತು. ಗೀತಾ ಭಾರತಿ ಭಟ್ಟರು ನಟಿಸಿದ ಅದರ ನಾಯಿಕೆಯು ಸ್ಥೂಲಕಾಯದ ತರುಣಿ. ಆಕೆಗೆ ಬಿದ್ದ ಹೆಸರು ‘ಗುಂಡಮ್ಮ’. ೧೯೬೨ರಲ್ಲಿ ಮಲತಾಯಿಯದಾಗಿದ್ದ ಹೆಸರು ೫೫ ವರ್ಷಗಳ ತರುವಾಯ ಮದುಮಗಳದಾಯಿತು. ಹೆಸರು ಹಾಸ್ಯದ್ದೇ ಆಗಿ ಉಳಿಯಿತೆಂದು ಆಕ್ಷೇಪಿಸಬಹುದು. ಆ ಆಕ್ಷೇಪವು ಸುಳ್ಳಲ್ಲ. ಆದರೆ ಸಂಜೆಯ ಹೊತ್ತಿನಲ್ಲಿ ಅಜ್ಜಿ, ಅತ್ತೆ, ಸೊಸೆ, ಮೊಮ್ಮಗಳು ಒಂದೇ ಪಡಸಾಲೆಯಲ್ಲಿ ಕುಳಿತು, ಮೈತುಂಬಿದವಳೊಬ್ಬಳ ಮದುವೆಗಾಗಿ, ಆಕೆಯ ಸುಖಕ್ಕಾಗಿ ಹಾರೈಸಿದ್ದು ಕನ್ನಡ ಕಥನದ ಇತಿಹಾಸದಲ್ಲಿ ಗಣಿಸತಕ್ಕ ಸಂಗತಿ. ಪಂಡಿತರ ಕಾವ್ಯವು ಮಾಡದಿದ್ದುದನ್ನು ಪಾಮರರೆನಿಸಿಕೊಂಡವರ ಧಾರಾವಾಹಿಯು ಮಾಡಿತು.

ಇದು ಕೇವಲ ಕಥೆಯ ಮಾತಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೩೦ ಮಂದಿ ಹೆಚ್ಚಿನ ತೂಕದವರು. ಸುಮಾರು ೧೭ ಮಂದಿ ತೀರ ಕೃಶರು. ಹೆಚ್ಚು ತೂಕದಿಂದ ಬರುವ ವ್ಯಾಧಿಗಳನ್ನು ವೈದ್ಯನು ಹೇಳಲಿ, ರೋಗಿಯು ಕೇಳಲಿ. ಅದು ವೈದ್ಯಶಾಲೆಯ ವಿಷಯ. ಆದರೆ ಮೂವರಲ್ಲಿ ಒಬ್ಬಳಿಗೆ ಸಮೀಪವಾಗಿರುವ ಒಂದು ಮೈಯನ್ನು ಪ್ರೇಮಕಥೆಯು ಹೊರಗಿಟ್ಟರೆ, ಪ್ರೀತಿಗೆ ತಾನು ಪಾತ್ರಳಲ್ಲವೆಂಬ ಮಾತನ್ನು ಆ ಹುಡುಗಿಯು ಕಥೆಯಿಂದಲೇ ಕಲಿಯುವಳು. ಕನ್ಯೆ ನೋಡಲು ಬಂದವರು ಎದ್ದು ಹೋದ ಸಂಜೆ, “ಒಂದಿಷ್ಟು ಉಣ್ಣೂದು ಕಡಿಮೆ ಮಾಡವ್ವಾ” ಎಂದು ಮನೆಯವರೇ ಹೇಳುವಾಗ, ತವರಿನ ತಾಯಿಯ ಹಳೆಯ ಅಳತೆಗೋಲೂ ಮುರಿದುಬೀಳುವುದು. ಹೊಸ್ತಿಲಲ್ಲಿ ನಿಂತ ಮಗಳ ಮೈಯನ್ನು ಕಂಡು ಹಿಗ್ಗುತ್ತಿದ್ದ ಕಣ್ಣೇ ಈಗ ಅದನ್ನು ಕಂಡು ಚಿಂತಿಸುವುದು.

ಆದುದರಿಂದ ಕಥೆಗಾರರಿಂದ ಅಪೇಕ್ಷಿಸಬೇಕಾದದ್ದು ಸ್ಥೂಲತೆಯ ಸ್ತುತಿಯಲ್ಲ. ಬಡನಡುವಿನ ನಿಂದೆಯೂ ಅಲ್ಲ. ಮದುವೆಗೆ ಮುಂಚೆ ನಾಯಿಕೆಯನ್ನು ತೆಳ್ಳಗೆ ಮಾಡುವ ಕಥೆಯೂ, ಆಕೆಯನ್ನು ವರಿಸಿದವನನ್ನು ತ್ಯಾಗಿಯೆಂದು ಹೊಗಳುವ ಕಥೆಯೂ ಹಳೆಯ ಅಳತೆಗೋಲನ್ನೇ ಹಿಡಿದಿವೆ. ಮೈತುಂಬಿದವಳು ಕಥೆಯಲ್ಲಿ ಒಲಿಯಲಿ, ಮುನಿಯಲಿ, ಬೇಡವೆನ್ನಲಿ, ಹಸಿದಾಗ ಉಣ್ಣಲಿ. ಇದೆಲ್ಲ ಆಕೆಯ ತೂಕದ ಲೆಕ್ಕಕ್ಕೆ ಸೇರದಿರಲಿ. ಬಾದಾಮಿಯ ಗುಹೆಯಲ್ಲಿ ಕೆಳಗಿನ ಪಟ್ಟಿಕೆಯಿಂದ ಮೇಲಿನ ಮಿಥುನದವರೆಗೆ ಇರುವ ಅಂತರವು ಒಂದು ಕಂಬದ ಎತ್ತರದಷ್ಟೇ. ಆ ಎತ್ತರವನ್ನು ಏರಲು ಹೆಣ್ಣಿನ ಕಥೆಗೆ ಸಾವಿರದ ನಾನೂರು ವರ್ಷಗಳು ಹಿಡಿದವು.